ನೈಋತ್ಯದ ಬಾಗಿಲು

ಭಾಗವ್ವನನ್ನು ಇಷ್ಟಪಟ್ಟವರು ನಮ್ಮ ಉಲ್ಲಾಳ ಮೇನ್ ರೋಡಿನಲ್ಲಿ ಒಬ್ಬರೂ ಇಲ್ಲ. ನನ್ನನ್ನೂ ಆ ಗುಂಪಿಗೇ ಸೇರಿಸಿಕೊಳ್ಳಿ. ಹಾರ್ಡ್‌ವೇರ್ ಅಂಗಡಿ ಇಟ್ಟವನು ನಾನು. ಎಂಥ ಗಿರಾಕಿ ಬಂದರೂ ಹಲ್ಲು ಬಿಡುವ ಅಭ್ಯಾಸ ಮುಖಕ್ಕೆ ಆಗಿಹೋಗಿದೆ. ಆದರೂ ಅವಳು ರಸ್ತೆ ದಾಟುವುದು ಕಂಡರೆ ನನಗೆ ಗೋಡೌನಿನಲ್ಲಿ ಏನೋ ಹುಡುಕಬೇಕಾದ ಕೆಲಸ ನೆನಪಾಗುತ್ತದೆ.

ಮೊದಲ ಸಲ ಬಂದದ್ದು ಹೊಲಿಗೆ ಮೆಷೀನಿಗೆ ಎಣ್ಣೆ ಕೇಳಿಕೊಂಡು. ನಲವತ್ತೈದರ ಆಸುಪಾಸಿನ ಹೆಂಗಸು, ಗದಗದ ಕಡೆಯವಳು, ಸೆರಗನ್ನು ಯುದ್ಧಕ್ಕೆ ಹೊರಟವಳಂತೆ ಸೊಂಟಕ್ಕೆ ಸಿಕ್ಕಿಸಿದ್ದಳು. ನಾನು ಎಣ್ಣೆ ತೆಗೆಯುವಷ್ಟರಲ್ಲಿ ಗೋಡೆಗೆ ಒರಗಿಸಿದ್ದ ಬಿದಿರಿನ ಏಣಿಯನ್ನು ಬುಡದಿಂದ ತುದಿಯ ತನಕ ನೋಡಿದಳು.

“ಇದನ್ನ ಯಾರನ್ನ ಕೊಲ್ಲಾಕ ಇಟ್ಟೀರಿ?”

“ಮಾರಕ್ಕೆ ಇಟ್ಟಿದೀನಮ್ಮ.”

“ಅದನ್ನ ಕೇಳಾಕತ್ತೀನಿ. ಮ್ಯಾಲಿನ ಮೆಟ್ಟಲಾ ಸೀಳೈತಿ. ತಗೊಂಡಾಂವ ಬಿದ್ದು ಸತ್ರ ಹೆಣಾ ಹೊರಾಕ ನೀವು ಹೋಗ್ತೀರೇನು?”

ಪಕ್ಕದಲ್ಲಿ ಅದೇ ಏಣಿಗೆ ಚೌಕಾಸಿ ಮಾಡುತ್ತ ನಿಂತಿದ್ದ ಪೇಂಟರ್ ಮೆಲ್ಲಗೆ ಜಾಗ ಖಾಲಿ ಮಾಡಿದ. ಎಣ್ಣೆಯ ಡಬ್ಬಿಯನ್ನೂ ಅವಳು ತಲೆಕೆಳಗೆ ಹಿಡಿದು, ಸೋರುತ್ತದೋ ಎಂದು ನೋಡಿ, ಮೂಸಿ, ಇನ್ನೊಂದನ್ನು ಕೊಡಿ ಎಂದಳು. ಹೋದ ಮೇಲೆ ಏಣಿಯ ಮೆಟ್ಟಿಲನ್ನು ನೋಡಿದೆ. ಸೀಳಿತ್ತು. ಆದರೆ ಹಾಗೆಂದು ಬಾಯಿಬಿಟ್ಟು ಒಪ್ಪಿದರೆ ನನ್ನ ಅಂಗಡಿ ನಡೆದಂತೆಯೇ!

ಭಾಗವ್ವನಿಗೆ ಈ ಲೋಕದಲ್ಲಿ ಯಾವ ವಸ್ತುವಿನ ಮೇಲೂ ನಂಬಿಕೆ ಇಲ್ಲ. ಎಲ್ಲವೂ ತನ್ನನ್ನು ಕೊಲ್ಲಲು ಹೊಂಚು ಹಾಕಿ ಕೂತಿವೆ ಎಂಬುದು ಅವಳ ಲೆಕ್ಕ. ಪ್ಲಗ್ಗನ್ನು ಮುಟ್ಟುವ ಮೊದಲು ಬೆರಳ ಹಿಂಭಾಗದಿಂದ ತಟ್ಟುತ್ತಾಳೆ. ಹೊಸ ಕುರ್ಚಿ ಬಂದರೆ ಮೊದಲು ಬೇರೆಯವರು ಕೂರಲಿ ಎಂದು ಕಾಯುತ್ತಾಳೆ. ಹಾಗೆಂದು ಅವಳದು ಎಲ್ಲವೂ ಸರಿ ಎಂದುಕೊಳ್ಳಬೇಡಿ. ವಾಟರ್ ಫಿಲ್ಟರಿನ ನೀರು ಕುಡಿದರೆ ಮೂಳೆ ಟೊಳ್ಳಾಗುತ್ತದೆ ಎಂದು ಜೊತೆಯ ಹೆಂಗಸರನ್ನು ಹೆದರಿಸಿದ್ದಳು. ಸಿಸಿಟಿವಿ ಕ್ಯಾಮೆರಾದಿಂದ ತಲೆಶೂಲೆ ಬರುತ್ತದೆ ಎಂದು ಅದರ ಮೇಲೆ ರೆಕ್ಸಿನ್ ತುಂಡು ಮುಚ್ಚಿ ಬೈಸಿಕೊಂಡಿದ್ದಳು. ಹತ್ತು ಕಲ್ಲು ಎಸೆದರೆ ಒಂದಾದರೂ ಮಾವಿನಕಾಯಿಗೆ ಬೀಳುತ್ತದಲ್ಲ, ಹಾಗೆ. ಆದರೆ ಆ ಒಂದು ಬೀಳುವುದು ಸರಿಯಾಗಿ ಬೀಳುತ್ತಿತ್ತು.

ಅವಳು ಕೆಲಸಕ್ಕಿದ್ದದ್ದು ನನ್ನ ಅಂಗಡಿಯ ಎದುರಿನ ಶೆಡ್ಡಿನಲ್ಲಿ. ಶೆಡ್ಡು ಮುನಿತಾಯಮ್ಮನವರದು. ಅವರು ಈ ಊರಿನ ಹಳೇ ಮನೆತನದವರು. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಬೆಳೆಯುತ್ತದೆ. ಕಳೆ ಕೀಳುವ ಅಭ್ಯಾಸ ಮಾತ್ರ ಕೈಬಿಟ್ಟಿಲ್ಲ, ಬಾಡಿಗೆದಾರರನ್ನೇ ಕೀಳುತ್ತಾರೆ. ಶೆಡ್ಡಿನ ಬೆನ್ನಿಗೇ ಅವರ ಅಂಗಳ, ಅಂಗಳದಾಚೆ ಮನೆ, ಮನೆಯ ಮೇಲೆ ತಾರಸಿ. ತಾರಸಿಯಲ್ಲಿ ನಿಂತು ಇಡೀ ರಸ್ತೆಯನ್ನು ಬೈಯಬಹುದು.

ಶೆಡ್ಡನ್ನು ಬಾಡಿಗೆಗೆ ಹಿಡಿದವನು ಮೋಹನ್ ಕುಮಾರ್. ಬಸವೇಶ್ವರನಗರದಲ್ಲಿ ಮನೆ, ಬೆರಳಿಗೊಂದು ಉಂಗುರ, ಹಳೇ ಸೋಫಾಗಳಿಗೆ ಹೊಸ ಫೋಮು ತುಂಬಿ ಹೊಸ ಕವರು ಹಾಕಿಕೊಡುವ ಕಸುಬು. ಫೋಮಿಗೆ ಫೋಮು ಅಂಟಿಸುವ ಗೋಂದಿಗೆ ಅವರು ಸಲ್ಯೂಷನ್ ಅನ್ನುತ್ತಾರೆ. ಮೂಗಿಗೆ ಬಡಿದರೆ ತಲೆ ತಿರುಗುತ್ತದೆ, ಕಿಡಿ ಸೋಕಿದರೆ ಭಗ್ಗೆನ್ನುತ್ತದೆ. ಕ್ಯಾನಿನ ಮೇಲೆ ದೊಡ್ಡದಾಗಿ ಬೆಂಕಿಯ ಚಿತ್ರ ಇರುತ್ತದೆ; ಹಬ್ಬಕ್ಕೆ ಅದರ ಹಣೆಗೂ ಒಂದು ಕುಂಕುಮ ಇಡುವ ಜನ ನಾವು. ಅಂಥ ಕ್ಯಾನುಗಳು, ಸೂರು ಮುಟ್ಟುವ ಫೋಮಿನ ರಾಶಿ, ಅದರ ನಡುವೆ ಹೊಲಿಯುವ ನಾಲ್ಕು ಹೆಂಗಸರು. ಮುಂದೆ ಒಂದು ಶಟರು. ಹಿಂದೆ, ನೈಋತ್ಯ ಮೂಲೆಯಲ್ಲಿ, ಹೊರಕ್ಕೆ ತೆರೆಯುವ ಒಂದು ತಗಡಿನ ಬಾಗಿಲು.

ಆ ಬಾಗಿಲಿಗೆ ಎರಡು ಬೀಗ. ಒಳಗಡೆ ಮೋಹನ್ ಕುಮಾರನದು: ನೈಋತ್ಯದಲ್ಲಿ ಬಾಗಿಲು ತೆರೆದರೆ ಯಜಮಾನನಿಗೇ ಕೇಡು ಎಂದು ಅವನ ವಾಸ್ತುವಿನವರು ಹೇಳಿದ್ದರು. ಹೊರಗಡೆ ಮುನಿತಾಯಮ್ಮನವರದು: ಕೆಲಸದವರು ಅಂಗಳಕ್ಕೆ ಬಂದು ಅವರ ನಲ್ಲಿ ತಿರುಗಿಸಬಾರದು, ತುಳಸಿ ಕಟ್ಟೆಯ ಹತ್ತಿರ ಉಗಿಯಬಾರದು. ಬಾಡಿಗೆ, ನೀರು, ಕಸ, ಯಾವುದರಲ್ಲೂ ಇವರಿಬ್ಬರಿಗೆ ಒಮ್ಮತವಿರಲಿಲ್ಲ. ಆ ಒಂದು ಬಾಗಿಲು ಮುಚ್ಚುವುದರಲ್ಲಿ ಮಾತ್ರ ಅಣ್ಣತಂಗಿಯರಂತೆ ಕೂಡಿಬಂದಿದ್ದರು. ಎರಡು ಬೀಗವೂ ನನ್ನಲ್ಲಿಯೇ ಕೊಂಡದ್ದು. ಒಳ್ಳೆಯ ಬೀಗಗಳು.

ಭಾಗವ್ವ ಕೆಲಸಕ್ಕೆ ಸೇರಿದ ದಿನವೇ ಆ ಬಾಗಿಲನ್ನು ಭುಜದಿಂದ ನೂಕಿ ನೋಡಿದಳಂತೆ. ಅಲುಗಲಿಲ್ಲ. ಅವತ್ತಿನಿಂದ ಶುರು.

“ಸಾವ್ಕಾರ್ರ, ಹಿಂದಿನ ಬಾಗ್ಲ ಯಾಕ ಹಾಕೀರಿ?”

“ಅದು ನೈಋತ್ಯ ಕಣ್ರೀ ಭಾಗಮ್ಮ. ನಿಮ್ಗೆ ಗೊತ್ತಾಗಲ್ಲ.”

“ಭಾಗವ್ವ. ಅಮ್ಮ ಅಲ್ಲ. ಮುಂದ ಬೆಂಕಿ ಬಿದ್ರ ನಾವು ಎಲ್ಲಿಂದ ಹೋಗೂದು?”

“ಬಾಯಲ್ಲಿ ಒಳ್ಳೇ ಮಾತು ಬರಲ್ವಾ? ಬೆಂಕಿ ಯಾಕೆ ಬೀಳುತ್ತೆ?”

“ಬೆಂಕಿ ಬೀಳೂಮುಂದ ನಿಮ್ಮನ್ನ ಕೇಳಿ ಬೀಳ್ತದೇನು?”

ಇದಕ್ಕೂ ಮೊದಲು ಅವಳು ದೀಪಾಂಜಲಿ ನಗರದ ಒಂದು ಊದುಬತ್ತಿ ಶೆಡ್ಡಿನಲ್ಲಿದ್ದಳು. ಅಲ್ಲಿ ಒಂದು ದಿನ ಶಟರು ಅರ್ಧಕ್ಕೆ ಇಳಿದು ಸಿಕ್ಕಿಕೊಂಡಿತಂತೆ, ಆಮೇಲೆ ಪೂರ್ತಿ ಕೆಳಗೆ ಬಿದ್ದು ಜಪ್ಪಯ್ಯ ಅಂದರೂ ಏಳಲಿಲ್ಲವಂತೆ. ಕರೆಂಟೂ ಹೋಗಿತ್ತು. ಹಾರೆ ತಂದು ಎತ್ತುವ ತನಕ ಕತ್ತಲಲ್ಲಿ ಊದುಬತ್ತಿ ಪುಡಿ ಕುಡಿಯುತ್ತ ಕೂತಿದ್ದರಂತೆ. ಯಾರಿಗೂ ಏನೂ ಆಗಲಿಲ್ಲ. ಎಲ್ಲರೂ ಹೊರಗೆ ಬಂದು ಚಹಾ ಕುಡಿದು ನಕ್ಕರು. ಇವಳು ನಗಲಿಲ್ಲ. “ಬಾಗ್ಲ ಅಂದ್ರ ಒಳಗ ಇದ್ದಾವ್ರ ಕೈಯಾಗ ಇರಬೇಕು. ಹೊರಗ ಇದ್ದಾವ್ರ ಕೈಯಾಗ ಇದ್ರ ಅದು ಬಾಗ್ಲ ಅಲ್ಲ, ಗ್ವಾಡಿ” ಎಂದು ನನಗೆ ಹೇಳಿದ್ದಳು. ನಾನು ಬೀಗ ಮಾರುವವನು. ನನಗೆ ಹೇಳುವ ಮಾತೇ ಅದು?

ಇನ್ನೊಂದು ಜಗಳ ಚಪ್ಪಲಿಯದು. ಮೆಷೀನು ಲಕ್ಷ್ಮಿ, ಆದ್ದರಿಂದ ಶೆಡ್ಡಿನೊಳಗೆ ಎಲ್ಲರೂ ಬರಿಗಾಲಲ್ಲಿರಬೇಕು ಎಂದು ಮೋಹನ್ ಕುಮಾರನ ಕಟ್ಟಳೆ. ಸೋಫಾ ಕೆಲಸದಲ್ಲಿ ಸ್ಟೇಪಲ್ ಗನ್ನಿನ ಪಿನ್ನು ನೆಲದ ತುಂಬ. ಶಶಿಕಲಾ ಎಂಬ ಹೊಲಿಗೆಯವಳು ವಾರಕ್ಕೊಂದು ಸಲ ಅಂಗಾಲಿನಿಂದ ಪಿನ್ನು ಕಿತ್ತು, ಅರಿಶಿನ ಒತ್ತಿ, ಮತ್ತೆ ಕೂರುತ್ತಿದ್ದಳು. ಭಾಗವ್ವ ಚಪ್ಪಲಿ ಬಿಡಲಿಲ್ಲ.

“ಲಕ್ಷ್ಮಿ ಮುಂದೆ ಚಪ್ಪಲಿ ಹಾಕ್ಕೊಂಡು ಕೂರ್ತೀರಲ್ಲ, ನಾಚಿಕೆ ಆಗಲ್ವಾ?” ಎಂದ ಮೋಹನ್ ಕುಮಾರ್.

“ಲಕ್ಷ್ಮಿಗೆ ಕಾಲಾಗ ಪಿನ್ನು ಚುಚ್ಚಿದ್ರ ಆಕಿನೂ ಹಾಕ್ಕೊಂತಿದ್ಲು.”

ಅವಳನ್ನು ಅವತ್ತೇ ಓಡಿಸಬಹುದಿತ್ತು. ಓಡಿಸಲಿಲ್ಲ, ಏಕೆಂದರೆ ಸೋಫಾದ ಅಂಚಿಗೆ ಬರುವ ಪೈಪಿಂಗನ್ನು ಹಾವಿನಂತೆ ನುಣ್ಣಗೆ ತಿರುಗಿಸಿ ಹೊಲಿಯುವವರು ಈ ಕಡೆ ಅವಳನ್ನು ಬಿಟ್ಟರೆ ಇರಲಿಲ್ಲ. ಅದು ಮೋಹನ್ ಕುಮಾರನಿಗೂ ಗೊತ್ತಿತ್ತು, ಅವಳಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಹೀಗೆ ಒಬ್ಬರನ್ನೊಬ್ಬರು ಸಹಿಸದೆ, ಬಿಡಲೂ ಆಗದೆ, ಗಂಡಹೆಂಡಿರಂತೆ ಇದ್ದರು.

ಜೊತೆಯ ಹೆಂಗಸರಾದರೂ ಅವಳ ಕಡೆ ನಿಂತರೇ ಎಂದರೆ, ಅದೂ ಇಲ್ಲ. “ನಿಮ್ ದೆಸೆಯಿಂದ ನಮ್ಗೂ ಕೆಲ್ಸ ಹೋಗುತ್ತೆ ಆಂಟಿ, ಸುಮ್ನೆ ಇರ್ಬಾರ್ದಾ?” ಎಂದು ಶಶಿಕಲಾ ಬೀದಿಯಲ್ಲೇ ಜಗಳ ತೆಗೆದಳು. ಭಾಗವ್ವ ಉತ್ತರವಾಗಿ, “ನೀ ಸುಟ್ಟು ಕರಕಲಾದ್ರ ನನ್ನ ಗಂಟೇನೂ ಹೋಗಂಗಿಲ್ಲ. ನಾ ನನ್ನ ಸಲುವಾಗಿ ಕೇಳಾಕತ್ತೀನಿ” ಎಂದಳು. ಗೆಳೆತನ ಬೆಳೆಸುವ ಕಲೆ ಅವಳಿಗೆ ಒಲಿದಿರಲಿಲ್ಲ.

ದಸರಾ ಹತ್ತಿರವಾಗಿ ಆರ್ಡರು ಮೇಲೆ ಆರ್ಡರು ಬೀಳುತ್ತಿದ್ದ ಕಾಲದಲ್ಲಿ ಅವಳು ದಾಳ ಉರುಳಿಸಿದಳು. ಒಂದು ಬೆಳಿಗ್ಗೆ ನಾನು ಅಂಗಡಿ ತೆರೆದು ನೋಡುತ್ತೇನೆ: ಭಾಗವ್ವನ ಮೆಷೀನು ಶಟರಿನ ಹೊರಗೆ, ಫುಟ್‌ಪಾತಿನ ಮೇಲೆ. ಅವಳು ಬಿಸಿಲಿಗೆ ಸೆರಗು ಹೊದ್ದು ಕಟಕಟ ಹೊಲಿಯುತ್ತಿದ್ದಾಳೆ. ಬಸ್ಸಿಗೆ ಓಡುವ ಕಾಲೇಜು ಹುಡುಗರು ಅವಳನ್ನು ಬಳಸಿಕೊಂಡು ಹೋಗುತ್ತಿದ್ದಾರೆ.

“ಏನ್ರೀ ಇದು ನಾಟ್ಕ? ಒಳಗೆ ಬನ್ನಿ!” ಮೋಹನ್ ಕುಮಾರ್ ಕೂಗಿದ.

“ಬಾಗ್ಲ ತೆಗೀರಿ, ಬರ್ತೇನಿ.”

“ಪಾರ್ಟಿಗಳು ಬರ್ತಾರೆ, ನೋಡ್ದೋರು ಏನಂತಾರೆ?”

“ನಾನೂ ಅದನ್ನ ಕೇಳಬೇಕಂತ ಕುಂತೀನಿ. ಬರ್ಲಿ, ಯಾಕ ಹೊರಗ ಕುಂತಿ ಅಂತ ಕೇಳ್ಲಿ. ಹೇಳ್ತೇನಿ.”

ಮಧ್ಯಾಹ್ನದ ಹೊತ್ತಿಗೆ ಮೋಹನ್ ಕುಮಾರ್ ನನ್ನ ಅಂಗಡಿಗೆ ಬಂದ. “ಮರಿಯಪ್ಪಣ್ಣ, ಏನಾದ್ರೂ ಮಾಡಿ. ಈ ಮಾರಿ ಮಾನ ಕಳೀತಿದಾಳೆ.” ಎರಡು ಕಡೆಯವರು ಜಗಳವಾಡುವಾಗ ನಡುವೆ ನಿಂತವನಿಗೆ ಏನಾದರೂ ಗಿಟ್ಟುತ್ತದೆ ಎಂಬುದು ವ್ಯಾಪಾರದ ಮೊದಲ ಪಾಠ. ನಾನು ಹೇಳಿದೆ: ಒಳಗಿನ ಬೀಗ ತೆಗೆದು ಒಂದು ಚಿಲಕ ಹಾಕಿಸಿ, ಒಳಗಿದ್ದವರು ಎಳೆದರೆ ಬರಬೇಕು. ಹೊರಗಿನ ಬೀಗದ ಬದಲು, ಬೀಗ ಸಿಕ್ಕಿಸುವ ಕಬ್ಬಿಣದ ಬಳೆಗಳಿಗೆ ಅರಿಶಿನದ ಕೊಂಬು ಕಟ್ಟಿದ ದಾರ ಕಟ್ಟಿಸಿ. ಅರಿಶಿನ ಕಟ್ಟಿದ ಬಾಗಿಲು ಮುಚ್ಚಿದ ಬಾಗಿಲೇ ಎಂದು ನಿಮ್ಮ ವಾಸ್ತುವಿನವರನ್ನು ಒಪ್ಪಿಸಿ. ಜೋರಾಗಿ ನೂಕಿದರೆ ದಾರ ಹರಿಯುತ್ತದೆ, ಹೆಂಗಸರು ಹೊರಗೆ ಬರುತ್ತಾರೆ.

ವಾಸ್ತುವಿನವರು ಒಪ್ಪಿದರು. ದಕ್ಷಿಣೆ ಇದ್ದರೆ ನೈಋತ್ಯವೂ ಸ್ವಲ್ಪ ಸರಿದು ಕೂರುತ್ತದೆ.

ಮುನಿತಾಯಮ್ಮನವರನ್ನು ಒಪ್ಪಿಸುವುದು ಕಷ್ಟವಾಯಿತು. “ನನ್ ಬೀಗ ತೆಗ್ಯಕ್ಕೆ ಇವ್ನ್ಯಾವನು? ಆ ಗದಗದೋಳು ಯಾವಳು?” ಎಂದು ತಾರಸಿಯಿಂದ ಅರ್ಧ ದಿನ ಬೈದರು. ಕೊನೆಗೆ ಅವರನ್ನು ಒಲಿಸಿದ್ದು ಅವರ ಅನುಮಾನವೇ. ಬೀಗವಾದರೆ ಕೀಲಿ ಮಾಡಿಸಿಕೊಂಡು ತೆಗೆದು ಮತ್ತೆ ಹಾಕಬಹುದು, ಗೊತ್ತಾಗುವುದಿಲ್ಲ. ನಿಮ್ಮ ಕೈಯಾರೆ ಕಟ್ಟಿದ ದಾರವನ್ನು ಕಿತ್ತರೆ ಅಂಗಳಕ್ಕೆ ಯಾರು ಕಾಲಿಟ್ಟರು ಎಂದು ತಕ್ಷಣ ಗೊತ್ತಾಗುತ್ತದೆ ಎಂದೆ. ಅವರ ಕಣ್ಣು ಹೊಳೆಯಿತು. “ಅಂಗಾದ್ರೆ ನಾನೇ ಕಟ್ತೀನಿ. ನನ್ ಗಂಟು ನಂಗೊಬ್ಬಳಿಗೇ ಬರೋದು.”

ಚಿಲಕ ನನ್ನ ಅಂಗಡಿಯದೇ. ಬೀಗಕ್ಕಿಂತ ಲಾಭ ಕಡಿಮೆ.

ಭಾಗವ್ವ ಥ್ಯಾಂಕ್ಸ್ ಹೇಳಿದಳು ಎಂದುಕೊಂಡಿರಾ? ದಾರ ಕಟ್ಟಿದ ಮರುದಿನ ಬೆಳಿಗ್ಗೆಯೇ ಒಳಗಿನಿಂದ ಬಾಗಿಲನ್ನು ದಡಾರನೆ ನೂಕಿ ಅದನ್ನು ಹರಿದಳು. ಅಂಗಳದಲ್ಲಿ ಸೊಪ್ಪು ಬಿಡಿಸುತ್ತಿದ್ದ ಮುನಿತಾಯಮ್ಮ ಬೆಚ್ಚಿಬಿದ್ದರು.

“ಯಾಕೇ ಕಿತ್ತೆ? ಏನಾಯ್ತೇ?”

“ಏನೂ ಆಗಿಲ್ಲ. ಹರೀತದೋ ಇಲ್ಲೋ ನೋಡಿದೆ.”

ಮುಂದಿನ ವಾರ ಮತ್ತೆ ಹರಿದಳು. ದಾರ ಬದಲಾಗಿರಬಹುದು, ಮುದುಕಿ ಗಟ್ಟಿ ಹುರಿ ಕಟ್ಟಿರಬಹುದು, ಯಾರಿಗೆ ಗೊತ್ತು ಎಂದು ಅವಳ ವಾದ. ಪ್ರತಿ ಸೋಮವಾರ ಬೆಳಿಗ್ಗೆ ದಡಾರ್ ಎಂಬ ಸದ್ದು, ಹಿಂದೆಯೇ ಮುನಿತಾಯಮ್ಮನವರ ಶಾಪ. “ಮೂದೇವಿ, ನಾನೇನು ಈ ಬಾಗ್ಲಿಗೆ ವಾರವಾರ ತಾಳಿ ಕಟ್ಬೇಕಾ?” ಎಂದು ಅವರು ಅರಿಶಿನದ ಕೊಂಬು ಹುಡುಕಿಕೊಂಡು ಒಳಗೆ ಹೋಗುತ್ತಿದ್ದರು. ಮೋಹನ್ ಕುಮಾರ್ ತಲೆ ಚಚ್ಚಿಕೊಳ್ಳುತ್ತಿದ್ದ. ನನ್ನ ಅಂಗಡಿಗೆ ಬಂದ ಗಿರಾಕಿಗಳು ಏನು ಸದ್ದು ಎಂದು ಕೇಳಿದರೆ, ಸೋಮವಾರ ಎನ್ನುತ್ತಿದ್ದೆ.

ಹೀಗೆ ಆಯುಧಪೂಜೆ ಬಂತು.

ಹಬ್ಬದ ಬೆಳಿಗ್ಗೆ ಶಟರಿನ ಎರಡೂ ಪಕ್ಕ ಬಾಳೆಕಂದು ಕಟ್ಟಿ, ನಡುವೆ ಒಬ್ಬರು ನುಸುಳುವಷ್ಟು ದಾರಿ ಬಿಟ್ಟಿದ್ದರು. ಮೆಷೀನುಗಳಿಗೆ ಚೆಂಡುಹೂವಿನ ಹಾರ. ಒಳಗೆ ಜನ ನಿಲ್ಲಲು ಜಾಗವಾಗಲೆಂದು ಸಲ್ಯೂಷನ್ ಕ್ಯಾನುಗಳನ್ನು ಎಳೆದು ತಂದು ಶಟರಿನ ಒಳಮಗ್ಗುಲಿಗೇ ಪೇರಿಸಿದ್ದರು. ಎಳೆದ ದಾರಿಯುದ್ದಕ್ಕೂ ಒಂದು ಕ್ಯಾನು ತೊಟ್ಟಿಕ್ಕಿ, ಒಳಗಿನಿಂದ ಹೊಸ್ತಿಲ ತನಕ ಒಂದು ಗೆರೆ ಬಿದ್ದಿತ್ತು. ಅದರ ಮೇಲೆಯೇ ರಂಗೋಲಿ ಹಾಕಿದ್ದರಿಂದ ಯಾರಿಗೂ ಕಾಣಲಿಲ್ಲ. ಬಸವೇಶ್ವರನಗರದಿಂದ, ರಾಜಾಜಿನಗರದಿಂದ ಮೋಹನ್ ಕುಮಾರನ ದೊಡ್ಡ ಗಿರಾಕಿಗಳು, ಅವನ ಬಾಯಲ್ಲಿ ಪಾರ್ಟಿಗಳು, ಬಂದಿದ್ದರು. ಹೆಂಗಸರು ಜರಿ ಸೀರೆಯಲ್ಲಿ ಒಳಗೆ ತುಂಬಿಕೊಂಡಿದ್ದರು. ನಾನೂ ನನ್ನ ತಕ್ಕಡಿಗೆ ಹೂ ಮುಡಿಸಿ, ಅಂಗಡಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಎದುರಿನವನ ಹಬ್ಬ ನಮ್ಮದಕ್ಕಿಂತ ಜೋರಾಗಿದ್ದರೆ ಲೆಕ್ಕ ಇಟ್ಟುಕೊಳ್ಳಬೇಕಲ್ಲ.

ಭಾಗವ್ವ ಹೊಸ ಸೀರೆ ಉಟ್ಟಿದ್ದಳು. ಕಾಲಲ್ಲಿ ಚಪ್ಪಲಿ ಇತ್ತು. ಬಂದವಳು ದೇವರಿಗೆ ಕೈ ಮುಗಿಯುವ ಮೊದಲು ಹಿಂದಕ್ಕೆ ಹೋಗಿ ಬಾಗಿಲು ನೂಕಿದಳು. ಸೋಮವಾರವಲ್ಲ, ಜನ ತುಂಬಿದ್ದಾರಲ್ಲ, ಅದಕ್ಕೆ.

ಬಾಗಿಲು ಅಲುಗಲಿಲ್ಲ.

ಸಂದಿಯಲ್ಲಿ ಕಣ್ಣಿಟ್ಟು ನೋಡಿದರೆ ಬೀಗ. ಬಂದ ಜನ ಕೈ ತೊಳೆಯಲು, ಇನ್ನೊಂದಕ್ಕೆ, ಅಂಗಳಕ್ಕೆ ನುಗ್ಗುತ್ತಾರೆಂದು ಮುನಿತಾಯಮ್ಮ ಬೆಳಗ್ಗೆಯೇ ಹಳೇ ಬೀಗವನ್ನು ಜಡಿದಿದ್ದರು. ಭಾಗವ್ವ ಶಟರಿನಿಂದ ಹೊರಗೆ ಬಂದು, ರಸ್ತೆಯಲ್ಲಿ ನಿಂತು, ತಾರಸಿಯ ಕಡೆ ಮುಖ ಎತ್ತಿ ಕೂಗಿದಳು.

“ಅಮ್ಮಾರ, ಬೀಗ ತೆಗೀರಿ!”

“ಸಾಯಂಕಾಲ ತೆಗೀತೀನಿ, ಓಗೇ!”

“ಮಂದಿ ಒಳಗ ಐತಿ. ಈಗ ತೆಗೀರಿ!”

“ಹಬ್ಬದ ದಿನ ಅರಚ್ಬೇಡ, ದರಿದ್ರದೋಳೇ! ನನ್ ಮನೆ ಬಾಗ್ಲು, ನನ್ ಇಷ್ಟ!”

ಅಷ್ಟರಲ್ಲಿ ಶೆಡ್ಡಿನ ಮುಂದೆ ಪೂಜೆ ಮುಗಿದು, ಮೋಹನ್ ಕುಮಾರ್ ಬೂದುಗುಂಬಳಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿದ್ದ. ಅದರ ನೆತ್ತಿ ಕೊರೆದು ಕುಂಕುಮ ತುಂಬಿ, ಮೇಲೆ ಕರ್ಪೂರದ ಗುಡ್ಡೆ ಹಚ್ಚಿದ್ದರು. ಉರಿ ಗೇಣುದ್ದ ಎದ್ದಿತ್ತು. ಪದ್ಧತಿ ಏನೆಂದರೆ, ಅದನ್ನು ಹಿಡಿದು ಒಳಗೆಲ್ಲ ಸುತ್ತಿ, ಒಂದೊಂದು ಮೆಷೀನಿಗೂ ಇಳಿತೆಗೆದು, ಹೊರಗೆ ತಂದು ಒಡೆಯಬೇಕು. ಫೋಮಿನ ರಾಶಿಯ ನಡುವೆ, ಸಲ್ಯೂಷನ್ ವಾಸನೆಯ ನಡುವೆ, ಗೇಣುದ್ದ ಉರಿಯ ಮೆರವಣಿಗೆ. ವರ್ಷಾವರ್ಷ ಮಾಡುತ್ತಿದ್ದರು, ಯಾವ ವರ್ಷವೂ ಏನೂ ಆಗಿರಲಿಲ್ಲ. ಯಾರಿಗೂ ವಿಚಿತ್ರವೆನಿಸಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಎನಿಸಿರಲಿಲ್ಲ.

ಭಾಗವ್ವ ಬಂದು ಎರಡು ಬಾಳೆಕಂದುಗಳ ನಡುವೆ, ಹೊಸ್ತಿಲ ಮೇಲೆ, ಅಡ್ಡ ನಿಂತಳು.

“ದಾರಿ ಬಿಡಿ.”

“ಬಿಡಂಗಿಲ್ಲ. ಉರಿ ಒಳಗ ತರಬ್ಯಾಡ್ರಿ.”

“ಏಯ್, ಇದು ಉರಿ ಅಲ್ಲ, ಆರತಿ!”

“ಆ ಕ್ಯಾನಿಗೆ ಗೊತ್ತೈತೇನು ಅದು?”

ಪಾರ್ಟಿಗಳಲ್ಲಿ ಒಬ್ಬರು ನಕ್ಕರು. ಮೋಹನ್ ಕುಮಾರನ ಮುಖ ಕುಂಕುಮಕ್ಕಿಂತ ಕೆಂಪಾಯಿತು. ಪೂಜೆ ಮಾಡಿಸಲು ಬಂದಿದ್ದ ಅರ್ಚಕರು, “ಕರ್ಪೂರ ಆರಬಾರದು, ಬೇಗ ಆಗಲಿ” ಎಂದು ಅವಸರಿಸಿದರು. ಒಳಗಿನಿಂದ ಶಶಿಕಲಾ, “ಬಿಡಿ ಆಂಟಿ, ಎಲ್ರೂ ನೋಡ್ತಿದಾರೆ” ಎಂದು ಸೆರಗು ಜಗ್ಗಿದಳು. ಭಾಗವ್ವ ಕೈ ಕೊಡವಿದಳು.

“ಹಿಂದಿನ ಬಾಗ್ಲ ತೆಗಸ್ರಿ, ಇಲ್ಲಾ ಮಂದೀನ್ನ ಹೊರಗ ಕರೀರಿ. ಆಮ್ಯಾಲೆ ಬೇಕಾದ್ರ ಉರಿಯೊಳಗ ಕುಣೀರಿ.”

“ನೀನು ಯಾವಳೇ ನಂಗೆ ಹೇಳಕ್ಕೆ? ಸಂಬಳ ತಗೊಳ್ಳೋಳು ಹೊಸ್ತಿಲಲ್ಲಿ ಚಪ್ಪಲಿ ಹಾಕ್ಕೊಂಡು ನಿಂತಿದೀಯಾ!”

ಬಹುವಚನ ಅಲ್ಲಿಗೆ ಸತ್ತಿತು. ಅವನು ಕುಂಬಳಕಾಯಿಯನ್ನು ತಲೆಯ ಮೇಲಕ್ಕೆ ಎತ್ತಿದ. ಒಳಗೆ ಸುತ್ತಿಸಲು ಬಿಡುವುದಿಲ್ಲ ತಾನೆ, ಹಾಗಾದರೆ ಇಲ್ಲೇ ಎಂದು, ಅವಳ ಕಾಲ ಬುಡದಲ್ಲಿ, ಹೊಸ್ತಿಲಿಗೇ ಅಪ್ಪಳಿಸಿದ.

ಕಾಯಿ ನಾಲ್ಕು ಚೂರಾಯಿತು. ಕುಂಕುಮ ಸಿಡಿಯಿತು. ಉರಿಯುತ್ತಿದ್ದ ಕರ್ಪೂರದ ಒಂದು ಬಿಲ್ಲೆ ಹಾರಿ ರಂಗೋಲಿಯ ಮೇಲೆ ಬಿತ್ತು.

ಆಮೇಲಿನದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಕತೆ. ಹಾಡಹಗಲ ಬಿಸಿಲಿನಲ್ಲಿ ಸಲ್ಯೂಷನ್ನಿನ ಉರಿ ಸರಿಯಾಗಿ ಕಾಣುವುದೂ ಇಲ್ಲ. ರಸ್ತೆಯ ಈಚೆ ನಿಂತಿದ್ದ ನನಗೆ ಕಂಡದ್ದು ಇಷ್ಟು: ಭಾಗವ್ವ ಸೀರೆ ಮೊಣಕಾಲಿಗೆ ಎತ್ತಿಕೊಂಡು, ಚಪ್ಪಲಿ ಕಾಲಿನಿಂದ ಕರ್ಪೂರವನ್ನು ತುಳಿದಳು. ಕುಂಕುಮವನ್ನು ತುಳಿದಳು. ರಂಗೋಲಿಯ ಮೇಲೆ ಹೊಸ್ತಿಲಿನಿಂದ ಒಳಗಿನ ತನಕ, ಹುಚ್ಚು ಹಿಡಿದವಳಂತೆ, ದಪದಪ ತುಳಿಯುತ್ತ ಹೋದಳು. ಕ್ಯಾನಿನ ಹತ್ತಿರ ನಿಂತು, ಕುಂಬಳಕಾಯಿಯ ಒಂದು ಚೂರನ್ನು ಎತ್ತಿ ನೆಲಕ್ಕೆ ಒತ್ತಿ ಹಿಡಿದಳು. ಅವಳ ಹೊಸ ಸೀರೆಯ ಅಂಚು ಹೊಗೆಯಾಡುತ್ತಿತ್ತು.

“ಕ್ಯಾನ್ ಎತ್ತಿ ಹೊರಗ ಇಡ್ರಿ” ಎಂದಳು. ಯಾರೂ ಅಲುಗಲಿಲ್ಲ.

ಯಾರಿಗೂ ಉರಿ ಕಂಡಿರಲಿಲ್ಲ. ಎಲ್ಲರಿಗೂ ಕಂಡದ್ದು ಚಪ್ಪಲಿ. ಆಯುಧಪೂಜೆಯ ದಿನ, ಹೊಸ್ತಿಲ ಮೇಲೆ, ಉರಿಯುವ ಕರ್ಪೂರವನ್ನು ಚಪ್ಪಲಿ ಕಾಲಿನಲ್ಲಿ ತುಳಿದ ಹೆಂಗಸು. ಅರ್ಚಕರು ಕಿವಿ ಮುಚ್ಚಿಕೊಂಡರು. ಕಣ್ಣು ಮುಚ್ಚಿಕೊಳ್ಳಬೇಕಿತ್ತು, ಗಾಬರಿಯಲ್ಲಿ ಬದಲಾಯಿತು. ಪಾರ್ಟಿಯೊಬ್ಬರ ಹೆಂಡತಿ “ಶಿವ ಶಿವಾ” ಎಂದು ಕೆನ್ನೆ ಬಡಿದುಕೊಂಡರು. ಮೋಹನ್ ಕುಮಾರ್ ಕಿರುಚಿದ: “ಹೊರಗೆ ಹೋಗು! ಈ ಹೊಸ್ತಿಲು ಇನ್ನೊಂದು ಸಲ ತುಳಿದ್ರೆ ಕಾಲು ಮುರೀತೀನಿ!”

“ನಿಮ್ಮ ಹೊಸ್ತಿಲಾ ನೀವ ಇಟ್ಕೋರಿ” ಎಂದು ಅವಳು ತನ್ನ ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದಳು. ರಸ್ತೆಗೆ ಸಿಡಿದಿದ್ದ ಕುಂಬಳಕಾಯಿಯ ತಿರುಳನ್ನು ನೋಡಿ, ಅಷ್ಟು ಸಿಟ್ಟಿನಲ್ಲೂ ನಿಂತು, ಕಾಲಿನಿಂದ ಚರಂಡಿಗೆ ಸರಿಸಿದಳು. ಗಾಡಿಯವರು ಜಾರಿ ಬೀಳುತ್ತಾರಲ್ಲ. ಹಾಗೆ ಸರಿಸುವಾಗಲೂ ಗಾಡಿಯವರನ್ನು ಬೈಯುತ್ತಿದ್ದಳು.

ಅವತ್ತು ಸಂಜೆಯ ತನಕ ರಸ್ತೆಯ ಮಾತೆಲ್ಲ ಒಂದೇ. ಏನಾಗಿತ್ತು ಅಂಥದ್ದು? ಏನೂ ಆಗಲಿಲ್ಲವಲ್ಲ! ಬೆಂಕಿ ಹತ್ತಿ ಶೆಡ್ಡು ಉರಿದಿದ್ದರೆ ಅವಳನ್ನು ಹೆಗಲ ಮೇಲೆ ಹೊತ್ತು ಮೆರೆಸುತ್ತಿದ್ದರೋ ಏನೋ. ಏನೂ ಆಗದಂತೆ ಮಾಡಿದ್ದರಿಂದ ಅವಳ ಕೈಯಲ್ಲಿ ತೋರಿಸಲು ಏನೂ ಉಳಿಯಲಿಲ್ಲ, ಸುಟ್ಟ ಸೀರೆಯ ಅಂಚಿನ ಹೊರತು.

ಉರಿಯನ್ನು ಪೂರ್ತಿಯಾಗಿ ಕಂಡವರು ಒಬ್ಬರೇ: ಮುನಿತಾಯಮ್ಮ. ಬೈಯಲೆಂದು ತಾರಸಿ ಇಳಿದು ಬಂದು, ಶಟರಿನ ಪಕ್ಕದ ನೆರಳಿನಲ್ಲೇ ನಿಂತಿದ್ದರು. ಮರುದಿನ ಅಂಗಡಿಗೆ ಬಂದು, ಸುಮ್ಮನೆ ಮೊಳೆಗಳ ಡಬ್ಬಿಯಲ್ಲಿ ಕೈಯಾಡಿಸುತ್ತ ಹೇಳಿದರು. “ನೀಲಿಗಿತ್ತು ಕಣಪ್ಪ. ಇಲಿ ಓಡ್ದಂಗೆ ಓಡ್ತು, ಒಳೀಕೆ. ಅವಳು ಅಡ್ಡ ಆಗ್ದಿದ್ರೆ...” ಅಷ್ಟಕ್ಕೆ ನಿಲ್ಲಿಸಿ, ಮುಖ ಗಂಟಿಕ್ಕಿದರು. “ಆದ್ರೂ ಕರ್ಪೂರನ ಚಪ್ಪಲೀಲಿ ತುಳೀತಾರಾ? ಹಲ್ಕಾ ಹೆಂಗ್ಸು.”

“ಮತ್ತೆ ನಿಮ್ಮ ಬೀಗ?” ಎಂದೆ.

“ತೆಗ್ದಾಕಿದೀನಿ. ನಿನ್ಗ್ಯಾಕೆ?” ಎಂದು ಹೊರಟುಹೋದರು.

ಬೀಗ ಹೋಯಿತು, ದಾರ ಬಂತು. ಆದರೆ ದಾರ ಹರಿದು ನೋಡುವವರು ಶೆಡ್ಡಿನಲ್ಲಿ ಇರಲಿಲ್ಲ. ಮೋಹನ್ ಕುಮಾರ್ ಪುಣ್ಯಾಹ ಮಾಡಿಸಿ, ಹೊಸ್ತಿಲು ತೊಳೆಸಿ, ಹೊಸ ಟೈಲರೊಬ್ಬನನ್ನು ತಂದು ಕೂರಿಸಿದ. ಬಾಗಿಲು ಉಪಯೋಗವಿಲ್ಲವೆಂದು ಅದರ ಮುಂದೆ ಫೋಮು ಪೇರಿಸಿದ. ದಾರದ ಬಾಗಿಲಿಗೆ ಫೋಮಿನ ಗೋಡೆ. ಹೊರಗಿನಿಂದ ನೋಡಿದರೆ ಎಲ್ಲವೂ ಸರಿ.

ಹೊಸ ಟೈಲರನ ಪೈಪಿಂಗು ಮಾತ್ರ ಸರಿ ಬರಲಿಲ್ಲ. ಸೋಫಾದ ಅಂಚುಗಳು ಜ್ವರ ಬಂದ ಹಾವಿನಂತೆ ಹೊರಳಾಡಿದವು. ರಾಜಾಜಿನಗರದ ಕ್ಲಿನಿಕ್ಕಿನವರು ಸೋಫಾಗಳನ್ನು ವಾಪಸು ಕಳಿಸಿ, “ನಮ್ಮ ಪೇಷಂಟುಗಳಿಗೆ ಕೂರಕ್ಕೆ ಭಯ ಆಗುತ್ತೆ” ಎಂದರು. ಜೊತೆಗೆ ಇನ್ನೊಂದು ರೋಗ ಶುರುವಾಯಿತು: ಶಶಿಕಲಾ ತನ್ನ ಮೆಷೀನನ್ನು ದಿನಕ್ಕಿಷ್ಟು ಎಂದು ಶಟರಿನ ಕಡೆಗೆ ಸರಿಸತೊಡಗಿದಳು. ಯಾಕೆ ಎಂದು ಕೇಳಿದರೆ, “ಬೆಳಕು ಚೆನ್ನಾಗಿದೆ ಸಾರ್” ಎನ್ನುತ್ತಿದ್ದಳು. ಅವಳೂ ಚಪ್ಪಲಿ ಹಾಕಿಕೊಂಡಿದ್ದಳು.

ಕೊನೆಗೆ ಮೋಹನ್ ಕುಮಾರ್ ಮತ್ತೆ ನನ್ನ ಅಂಗಡಿಯ ಮೆಟ್ಟಿಲು ಹತ್ತಿದ. “ಮರಿಯಪ್ಪಣ್ಣ, ಆ ಮಾರೀನ ಕರೀರಿ. ನಾನು ಕರೆದೆ ಅನ್ಬೇಡಿ.”

ಭಾಗವ್ವನ ಬಾಡಿಗೆ ಕೋಣೆಗೆ ಹೋದೆ. ಅವಳು ಮನೆಯಲ್ಲೇ ಬ್ಲೌಸು ಹೊಲಿಯುತ್ತಿದ್ದಳು. ನಾನು ಕೂರುವ ಮೊದಲೇ, “ಆ ಕುರ್ಚಿ ಕಾಲು ಅಲ್ಲಾಡ್ತದ, ನೆಲದ ಮ್ಯಾಲ ಕುಂದರ್ರಿ” ಎಂದಳು. ವಿಷಯ ಹೇಳಿದೆ.

“ಬಾಗ್ಲ?”

“ಬೀಗ ತೆಗೆದಿದಾರೆ.”

“ಮುಂದ ಏನರೆ ಇಟ್ಟಾರೋ?”

ನಾನು ಕುರ್ಚಿಯ ಕಾಲನ್ನು ಅಲ್ಲಾಡಿಸಿ ನೋಡಿದೆ. ಅವಳು ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿರುತ್ತಿತ್ತು. “ನನಗ ಗೊತ್ತು ಆ ಮನಷ್ಯಾ. ದಿನಾ ಆ ಬಾಗ್ಲ ತೆಗೀತೇನಿ ಅಂದ್ರ ಬರ್ತೇನಿ. ಇಲ್ಲಾಂದ್ರ ಇಲ್ಲ.”

ಇತ್ತ ಮೋಹನ್ ಕುಮಾರನಿಗೆ ಬೇರೆಯೇ ತಾಪತ್ರಯ. ಇನ್ನೊಂದು ಸಲ ಹೊಸ್ತಿಲು ತುಳಿದರೆ ಕಾಲು ಮುರಿಯುತ್ತೇನೆಂದು ಪಾರ್ಟಿಗಳೆಲ್ಲರ ಎದುರು ಕೂಗಿಬಿಟ್ಟಿದ್ದಾನೆ. ಈಗ ಅದೇ ಹೊಸ್ತಿಲಿನಲ್ಲಿ ಅವಳು ಬಂದರೆ ಮರ್ಯಾದೆ ಏನಾದೀತು? ಪುಣ್ಯಾಹದ ಖರ್ಚು ಬೇರೆ. ತಲೆ ಕೆರೆದುಕೊಂಡು ಅವನೇ ಹೇಳಿದ: “ಮುಂದ್ಗಡೆಯಿಂದ ಮಾತ್ರ ಬರ್ಬಾರ್ದು ಅಷ್ಟೇ. ಅವಳ ಯೋಗ್ಯತೆಗೆ ಹಿಂದ್ಗಡೆ ಬಾಗ್ಲೇ ಸರಿ. ದಿನಾ ಅಲ್ಲಿಂದ ಬಂದು ಅಲ್ಲಿಂದ್ಲೇ ಹೋಗ್ಲಿ!” ತಾನು ಹೇಳಿದ್ದೇನೆಂದು ಅವನಿಗೆ ಹೊಳೆಯಲಿಲ್ಲ. ಶಿಕ್ಷೆ ಕೊಟ್ಟ ಸಂತೋಷದಲ್ಲಿದ್ದ. ನಾನು ಅವನನ್ನು ಎಚ್ಚರಿಸಲಿಲ್ಲ.

ವಾಸ್ತುವಿನವರು, ನೈಋತ್ಯದಿಂದ ಯಜಮಾನ ಬಂದರೆ ಕೇಡು, ಕೂಲಿಯವರು ಬಂದರೆ ಕೇಡು ಅವರಿಗೇ ಎಂದು ತೀರ್ಪು ಕೊಟ್ಟರು. ಇನ್ನು ಅಂಗಳದ ದಾರಿಗೆ ಮುನಿತಾಯಮ್ಮ ಒಪ್ಪಬೇಕು. ಬಾಡಿಗೆದಾರನಿಗೆ ಕಿರಿಕಿರಿಯಾಗುವ ಯಾವ ಏರ್ಪಾಡನ್ನೂ ಅವರು ತಳ್ಳಿಹಾಕುವವರಲ್ಲ. ಒಪ್ಪಿದರು, ಒಂದು ಷರತ್ತಿನ ಮೇಲೆ.

ಅವಳು ಬಂದ ದಿನ ಬೆಳಿಗ್ಗೆ ನಾನೂ ಬಾಗಿಲಿನ ತಿರುಗಣಿಗೆ ಎಣ್ಣೆ ಬಿಡುವ ನೆಪದಲ್ಲಿ ಅಂಗಳದಲ್ಲಿದ್ದೆ. ಮುನಿತಾಯಮ್ಮ ಶೆಡ್ಡಿನ ಗೋಡೆಗೆ ತಾಗಿದ ಗೇಟಿನಲ್ಲಿ ಅಡ್ಡ ನಿಂತಿದ್ದರು.

“ಚಪ್ಲಿ ಬಿಟ್ಟು ಬಾ. ತುಳಸಿ ಕಟ್ಟೆ ಐತೆ.”

“ಬಿಡಂಗಿಲ್ಲ.”

“ನನ್ ಅಂಗಳ ಕಣೇ ಇದು!”

“ನಿಮ್ಮ ಅಂಗಳದಾಗ ಪಿನ್ನು ಬಿದ್ದಾವ. ಕೆಳಗ ನೋಡ್ರಿ, ನಿಮ್ಮ ಕಾಲಿನ ಹತ್ರ.”

ಮುನಿತಾಯಮ್ಮ ಬಗ್ಗಿ ನೋಡಿದರು. ಬರಿಗಾಲಿನ ಪಕ್ಕದಲ್ಲೇ, ಶೆಡ್ಡಿನ ಗೋಡೆಯ ಸಂದಿಯಿಂದ ಗುಡಿಸಿ ತಳ್ಳಿದ್ದ ಸ್ಟೇಪಲ್ ಪಿನ್ನುಗಳು ಬಿಸಿಲಿಗೆ ಮಿನುಗುತ್ತಿದ್ದವು. ಒಂದಲ್ಲ, ಹಿಡಿ ತುಂಬ. ಅವರು ತಲೆ ಎತ್ತಿದಾಗ ಮುಖದ ಬಣ್ಣವೇ ಬೇರೆ.

“ಲೋ ಮೋಹನಾ! ನನ್ ಅಂಗಳನ ಕಸದ ತೊಟ್ಟಿ ಮಾಡಿದೀಯೇನೋ? ಈಚೆ ಬಾರೋ!”

ಮೋಹನ್ ಕುಮಾರ್ ಒಳಗಿನಿಂದಲೇ, “ಬೆಳಗ್ಗೆ ಬೆಳಗ್ಗೆ ಶುರು ಹಚ್ಕೋಬೇಡಿ ಅಮ್ಮಾ!” ಎಂದು ಕೂಗಿದ. ಇವರು ಇನ್ನೂ ಜೋರಾಗಿ ಕೂಗಿದರು. ಅವನು ನೇರ ಅಂಗಳಕ್ಕೆ ಬರಬೇಕೆಂದರೆ ಹಿಂದಿನ ಬಾಗಿಲಿಗೆ ಇನ್ನೂ ಒರಗಿಸಿಯೇ ಇಟ್ಟಿದ್ದ ಫೋಮನ್ನು ಸರಿಸಬೇಕು. ಸಿಟ್ಟಿನಲ್ಲಿ ಧಡಧಡ ಸರಿಸಿ, ಚಿಲಕ ಎಳೆದು, ನೂಕಿದ. ಮುನಿತಾಯಮ್ಮನವರ ದಾರ ಪಟ್ಟೆಂದು ಹರಿಯಿತು. ಯಜಮಾನನೇ ನೈಋತ್ಯದಿಂದ ಹೊರಬಿದ್ದಿದ್ದ. ಬಯ್ಯುವ ಭರದಲ್ಲಿ ಅದೂ ತಿಳಿಯಲಿಲ್ಲ. ಇಬ್ಬರೂ ಅಂಗಳದ ನಡುವೆ ನಿಂತು ಪಿನ್ನು, ಬಾಡಿಗೆ, ನಲ್ಲಿ, ಹೋದ ವರ್ಷದ ಕಸ ಎಂದು ಒಂದೊಂದೇ ಎತ್ತಿ ಆಡತೊಡಗಿದರು.

ಭಾಗವ್ವ ಇಬ್ಬರನ್ನೂ ಬಳಸಿಕೊಂಡು ಹೋದಳು. ಚಪ್ಪಲಿಯಲ್ಲೇ. ಅಂಗಳದ ಮೂಲೆಯಿಂದ ಒಂದು ದಪ್ಪ ಕಲ್ಲನ್ನು ಉರುಳಿಸಿ ತಂದು, ಬಾಗಿಲು ಮತ್ತೆ ಮುಚ್ಚಿಕೊಳ್ಳದಂತೆ ಅದಕ್ಕೆ ಒತ್ತಿಟ್ಟಳು. ಕಾಲಿನಿಂದ ಒಮ್ಮೆ ನೂಕಿ, ಕಲ್ಲು ಗಟ್ಟಿಯಾಗಿ ಕೂತಿದೆಯೋ ಎಂದು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, “ಎಣ್ಣಿ ನೆಲಕ್ಕ ಚೆಲ್ಲೀರಿ ಮರಿಯಪ್ಪಾರ, ಯಾರರೆ ಜಾರಿ ಬೀಳ್ತಾರ, ಒರಸ್ರಿ” ಎಂದು ಒಳಗೆ ಹೋದಳು.